ಜೋಳದ ರಾಜ್ಯದ ಆರು ಸುಳ್ಳು ಅಂಕಿ

“ಇದು ಅಮೆರಿಕದವರ ಕೆಲಸ ಅಲ್ಲ ರಂಜಿತ್. ನಮ್ಮವರದ್ದೇ. ಮದುವೆಗೆ ಹೋಗಿ ಕವರ್ ಕೊಟ್ಟು ಅಭ್ಯಾಸ ಉಂಟು ಇವರಿಗೆ.”

ಲೋಲಾಕ್ಷಿ ಟೀಚರ್ ಮೇಜಿನ ಮೇಲಿದ್ದ ಹಾಳೆಗೆ ಬೆರಳೂರಿ ಹೇಳಿದರು. ಹಾಳೆಯಲ್ಲಿ ಆರು ಅಂಕಿಗಳಿದ್ದವು. ಆರೂ ಸುಳ್ಳು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾರ ಸುಳ್ಳು ಎಂಬುದಷ್ಟೇ ಪ್ರಶ್ನೆ.

ರಂಜಿತ್ ನಕ್ಕ. ದುಬೈ ಸಿಲಿಕಾನ್ ಓಯಸಿಸ್‌ನ ಏಳನೇ ಮಹಡಿಯ ಗಾಜಿನ ಕ್ಯಾಬಿನ್ನಿನಲ್ಲಿ, ‘ಆಪರೇಶನ್ಸ್ ಹೆಡ್’ ಎಂಬ ಫಲಕದ ಹಿಂದೆ ಕೂತವನು ಎಷ್ಟು ನಗಬೇಕೋ ಅಷ್ಟೇ ನಕ್ಕ. ಕಾಪುವಿನ ಹೈಸ್ಕೂಲಿನಲ್ಲಿ ಎರಡು ವರ್ಷ ಈ ಟೀಚರ ಕೈಯಲ್ಲೇ ಗಣಿತ ಕಲಿತ ತಪ್ಪಿಗೆ, ಅವರನ್ನು ಎಬ್ಬಿಸಿ ಹೊರಗೆ ಕಳಿಸುವ ಧೈರ್ಯ ಅವನಿಗಿರಲಿಲ್ಲ.

“ಟೀಚರ್, ಸರ್ವರ್ ಹ್ಯಾಕ್ ಆಗಿರುವ ಚಾನ್ಸ್ ಕೂಡ ಉಂಟು. ಶಿಕಾಗೋದಿಂದ ಯಾರಾದರೂ...”

“ಓದು.”

“ಟೀಚರ್?”

“ಅಂಕಿ ಓದು ಮಾರಾಯಾ. ಜೋರಾಗಿ.”

ಎಂಟನೇ ತರಗತಿಯ ಹುಡುಗ ಮಗ್ಗಿ ಒಪ್ಪಿಸುವಂತೆ ಆಪರೇಶನ್ಸ್ ಹೆಡ್ ಓದಿದ. ಎರಡು ಸಾವಿರದ ನೂರಾ ಒಂದು. ಸಾವಿರದ ಐನೂರಾ ಒಂದು. ಮೂರು ಸಾವಿರದ ಒಂದು. ಸಾವಿರದ ಇನ್ನೂರಾ ಐವತ್ತೊಂದು. ಐದು ಸಾವಿರದ ಒಂದು. ಸಾವಿರದ ನೂರಾ ಒಂದು.

“ಆರಕ್ಕೆ ಆರೂ ಒಂದರಲ್ಲೇ ಮುಗಿಯುವ ಸಂಭವ ಎಷ್ಟು?”

ರಂಜಿತ್ ಮೊಬೈಲಿನ ಕ್ಯಾಲ್ಕುಲೇಟರಿಗೆ ಕೈ ಹಾಕಿದ.

“ಹತ್ತು ಲಕ್ಷಕ್ಕೆ ಒಂದು. ನಿನಗೆ ಆಗಲೂ ಸಂಭವನೀಯತೆ ಬರ್ತಿರ್ಲಿಲ್ಲ. ಶಿಕಾಗೋದವನು ಸುಳ್ಳು ಅಂಕಿ ಹಾಕುದಾದ್ರೆ ಎರಡು ಸಾವಿರದ ನೂರು ಹಾಕ್ತಾನೆ, ಇಲ್ಲ ಎಂತದ್ದೋ ನಲವತ್ತೇಳು ಹಾಕ್ತಾನೆ. ಸೊನ್ನೆಯಲ್ಲಿ ಮುಗಿಸ್ಲಿಕ್ಕೆ ಕೈ ಬಾರದ್ದು ನಮಗೆ ಮಾತ್ರ. ನೂರರ ನೋಟಿನ ಒಟ್ಟಿಗೆ ಒಂದು ರೂಪಾಯಿ ಅಂಟಿಸದೆ ಉಡುಗೊರೆ ಕೊಟ್ಟು ಗೊತ್ತುಂಟಾ ನಮಗೆ? ಸುಳ್ಳು ಹೇಳುವಾಗಲೂ ಕೈ ಶಕುನ ನೋಡಿದೆ.”

ನಡೆದದ್ದು ಇಷ್ಟು. ಅಮೆರಿಕದ ಒಂದು ರಾಜ್ಯದ ಮಧ್ಯಾವಧಿ ಚುನಾವಣೆಯ ಫಲಿತಾಂಶವನ್ನು ಅಲ್ಲಿಯ ಸುದ್ದಿವಾಹಿನಿಯೊಂದಕ್ಕೆ ಟೈಪು ಮಾಡಿ ಕಳಿಸುವ ಗುತ್ತಿಗೆ ಈ ಕಚೇರಿಯದು. ಸರಕಾರ ಬಿದ್ದಾಗ ಬರುವ ನಮ್ಮ ಮಧ್ಯಂತರ ಚುನಾವಣೆಯಲ್ಲ ಅದು. ಅಧ್ಯಕ್ಷರ ನಾಲ್ಕು ವರ್ಷಗಳ ನಟ್ಟನಡುವೆ, ಪಂಚಾಂಗದ ಹಬ್ಬದ ಹಾಗೆ ತಪ್ಪದೆ ಬರುವಂಥದ್ದು. ಒಪ್ಪಂದದ ಪ್ರಕಾರ ರಾಜ್ಯದ ಹೆಸರನ್ನು ಬಾಯಿಬಿಡುವಂತಿಲ್ಲವಾದ್ದರಿಂದ ಎಲ್ಲರೂ ‘ಜೋಳದ ರಾಜ್ಯ’ ಎನ್ನುತ್ತಿದ್ದರು. ಇಳಕಲ್ಲಿನ ಕಡೆಯ ಸಂಗಪ್ಪನೊಬ್ಬನೇ, ಅದು ಜೋಳವಲ್ಲ, ಗೋವಿನಜೋಳ, ಅದನ್ನು ಜೋಳ ಎನ್ನುವುದು ಜೋಳಕ್ಕೆ ಮಾಡುವ ಅವಮಾನ ಎಂದು ವಾದಿಸುತ್ತಿದ್ದ.

ನಮ್ಮ ತಾಲೂಕಿನಂಥ ‘ಕೌಂಟಿ’ಗಳು ಆ ರಾಜ್ಯದಲ್ಲಿ ತೊಂಬತ್ತು ಚಿಲ್ಲರೆ. ಮತ ಎಣಿಸಿ ಮುಗಿದ ಕೂಡಲೇ ಕೌಂಟಿ ಕಚೇರಿಯ ಗೋಡೆಗೆ ಹಾಳೆ ಅಂಟಿಸುತ್ತಾರೆ. ಯಾರೋ ಅದರ ಫೋಟೊ ತೆಗೆದು ಕಳಿಸುತ್ತಾರೆ. ಇಲ್ಲಿ ನಾಲ್ಕು ಯಂತ್ರಗಳ ಮುಂದೆ ಕೂತ ನಾಲ್ವರು ಟೈಪು ಮಾಡುತ್ತಾರೆ. ಆ ವರ್ಷ, ಅಂದರೆ 2018ರ ಮೇ ತಿಂಗಳಲ್ಲಿ, ಕರ್ನಾಟಕದ ವಿಧಾನಸಭೆಗೆ ಮತ ಹಾಕಿ ಬರುತ್ತೇವೆಂದು ಈ ನಾಲ್ವರೂ ರಜೆ ಕೇಳಿದ್ದರು. ಒಬ್ಬರಿಗೂ ಸಿಕ್ಕಿರಲಿಲ್ಲ. ಜೋಳದ ರಾಜ್ಯದವರ ಮತಗಳನ್ನು ಮಾತ್ರ ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಿತ್ತು.

ಬುಧವಾರ ಬೆಳಗ್ಗೆ ಏಳು ಐವತ್ತೆರಡರಿಂದ ಐವತ್ತೆಂಟರ ಒಳಗೆ ಆರು ಕೌಂಟಿಗಳ ಸುಳ್ಳು ಲೆಕ್ಕ ಹೋಯಿತು. ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವ, ಜನರೇ ಆರಿಸುವ ಹಾಲಿ ಗವರ್ನರ್ ಗೆದ್ದರೆಂದು ವಾಹಿನಿ ಸಾರಿತು. ಎದುರಾಳಿ, ಒಬ್ಬ ನಿವೃತ್ತ ಶಾಲಾ ಮೇಷ್ಟ್ರು, ಹೆಂಡತಿಯ ಕೈ ಹಿಡಿದು ವೇದಿಕೆಗೆ ಬಂದು ಸೋಲೊಪ್ಪಿಕೊಂಡು ಕಣ್ಣೊರೆಸಿಕೊಂಡರು. ಗಂಟೆ ಕಳೆಯುವಷ್ಟರಲ್ಲಿ ನೋಡಿದರೆ ಗೆದ್ದದ್ದು ಅವರೇ.

ಅಮೆರಿಕದಲ್ಲಿ ಬೊಬ್ಬೆಯೋ ಬೊಬ್ಬೆ. ‘ವಿದೇಶಿ ಹಸ್ತ’ ಎಂದು ಕೂಗಿದರು. ಹಸ್ತವನ್ನು ಹುಡುಕುತ್ತ ಬಂದರೆ ಅದು ಶರ್ಮಿಳಾಳದು. ಮಿರ್ದಿಫ್‌ನಲ್ಲಿ ಲೋಲಾಕ್ಷಿ ಟೀಚರ ಎದುರು ಫ್ಲ್ಯಾಟಿನವಳು, ಒಂಬತ್ತು ವರ್ಷದಿಂದ ಇದೇ ಕಚೇರಿಯಲ್ಲಿ ಟೈಪು ಮಾಡುವವಳು. ಆರೂ ಅಂಕಿ ಅವಳ ಲಾಗಿನ್ನಿನಿಂದ ಹೋಗಿದ್ದವು. ಈಗ ದುಬೈಯಲ್ಲಿ ಮಕ್ಕಳಿಗೆ ಟ್ಯೂಶನ್ ಹೇಳುವ ಟೀಚರ್ ಈ ಕ್ಯಾಬಿನ್ನಿಗೆ ಬಂದದ್ದು ಅವಳ ಪರವಾಗಿ ಕೇಳಲೆಂದೇ.

“ಸರಿ ಟೀಚರ್,” ರಂಜಿತ್ ಹಾಳೆಯನ್ನು ಮಡಚಿದ. “ಹ್ಯಾಕ್ ಅಲ್ಲ, ಒಳಗಿನವರೇ ಅಂತ ನೀವೇ ಹೇಳಿದ್ರಿ. ಶರ್ಮಿಳಾ ಕೂಡ ಒಳಗಿನವಳೇ ಅಲ್ವಾ? ಎರಡು ಗಂಟೆಗೆ ಅವಳು ಬರ್ತಾಳೆ. ಬೇಕೆಂದೇ ಮಾಡಿದೆ ಅಂತ ಒಂದು ಕಾಗದಕ್ಕೆ ಸೈನ್ ಮಾಡಿದ್ರೆ ಆಯ್ತು, ಟಿಕೆಟ್ ಕೊಟ್ಟು ಊರಿಗೆ ಕಳಿಸ್ತೇವೆ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್.”

“ಆ ಕಾಗದ ಸಹಿಯಾದ ಮೇಲೆ ಎಲ್ಲಿಗೆ ಹೋಗ್ತದೆ?”

“ಕ್ಲಯಂಟ್‌ಗೆ.”

“ಅಲ್ಲಿಂದ ಇಲ್ಲಿಯ ಪೊಲೀಸರಿಗೆ. ಅವಳ ಕೈಯಿಂದಲೇ ಬರೆಸಿ ಅವಳನ್ನೇ ಜೈಲಿಗೆ ಹಾಕಿಸುದು. ಟಿಕೆಟ್ ಯಾವ ದೇಶಕ್ಕೆ ರಂಜಿತಾ, ಅವೀರ್ ಜೈಲಿಗಾ? ಅವಳ ಪಾಸ್‌ಪೋರ್ಟ್ ಎಲ್ಲಿ?”

“ಸೇಫ್ ಕೀಪಿಂಗ್‌ನಲ್ಲಿ.”

“ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕಂಪೆನಿಗಿಲ್ಲ ಅಂತ ಇಲ್ಲಿಯ ಕಾನೂನೇ ಹೇಳ್ತದೆ. ಸೇಫ್ ಕೀಪಿಂಗ್ ಅಂತೆ! ನರಿ ಕೋಳಿಯನ್ನು ಸೇಫಾಗಿ ಇಟ್ಟ ಹಾಗೆ.” ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಸಿಟ್ಟು ಬಂದಾಗ ಅವರ ಕನ್ನಡಕ ಎಷ್ಟು ಒರೆಸಿದರೂ ಸ್ವಚ್ಛವಾಗುತ್ತಿರಲಿಲ್ಲ. “ಅವಳ ಯಂತ್ರದ ಲಾಗ್ ತೋರಿಸಿದಿ. ಉಳಿದ ಮೂರರದ್ದೂ ಬೇಕು.”

“ಅದು ಕಾನ್ಫಿಡೆನ್ಶಿಯಲ್, ಟೀಚರ್.”

“ನಿನ್ನ ಎಸ್ಸೆಸ್ಸೆಲ್ಸಿ ಗಣಿತದ ಮಾರ್ಕ್ ಕೂಡ ಕಾನ್ಫಿಡೆನ್ಶಿಯಲ್ಲೇ. ನಾನು ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ.”

ಲಾಗ್ ಬಂತು.

ನಾಲ್ಕು ಯಂತ್ರ, ನಾಲ್ಕು ಉದ್ದುದ್ದ ಪಟ್ಟಿ. ಯಾವ ಅಂಕಿ ಯಾವ ನಿಮಿಷಕ್ಕೆ ಹೋಯಿತೆಂಬ ಸಾಲುಗಳು. ಲೋಲಾಕ್ಷಿ ಟೀಚರ್ ಅವನ್ನು ಹೊರಗಿನ ಕಾಯುವ ಸೋಫಾದ ಮೇಲೆ ಪಕ್ಕಪಕ್ಕ ಹಾಸಿ ನೋಡಿದರು.

ಒಂದನೇ ಯಂತ್ರ ಆರೂಕಾಲರಿಂದ ಏಳೂವರೆ ತನಕ ಸುಮ್ಮನಿತ್ತು. ಶರ್ಮಿಳಾಳದು ಎರಡನೆಯದು, ಅದು ಏಳೂವರೆಯಿಂದ ಎಂಟೂಮುಕ್ಕಾಲು. ಮೂರನೆಯದು ಎಂಟೂಮುಕ್ಕಾಲಿನಿಂದ ಹತ್ತು. ನಾಲ್ಕನೆಯದು ಹತ್ತರಿಂದ ಹನ್ನೊಂದೂಕಾಲು. ಒಬ್ಬರ ಬಾಲ ಹಿಡಿದು ಇನ್ನೊಬ್ಬರು, ತಲಾ ಒಂದೂಕಾಲು ಗಂಟೆ. ಉಳಿದ ಹೊತ್ತೆಲ್ಲ ಮಳೆ ಸುರಿದ ಹಾಗೆ ಅಂಕಿ.

ಈ ಆಕಾರ ಅವರಿಗೆ ಹೊಸದಲ್ಲ. ಒಂಬತ್ತು ಚುನಾವಣೆಗಳಲ್ಲಿ ಮತಗಟ್ಟೆಯ ಡ್ಯೂಟಿ ಮಾಡಿದವರು ಅವರು. ಮತಗಟ್ಟೆಯ ನಾಲ್ವರು ಸಿಬ್ಬಂದಿ ಉಪ್ಪಿಟ್ಟು ತಿನ್ನಲು ಒಬ್ಬೊಬ್ಬರಾಗಿ ಎದ್ದು ಹೋದರೆ ರಿಜಿಸ್ಟರಿನಲ್ಲಿ ಕೈಬರಹ ಹೀಗೇ ಸರದಿಯಂತೆ ಕಾಣೆಯಾಗುತ್ತದೆ.

ಆದರೆ ಉಪ್ಪಿಟ್ಟು ತಿನ್ನಲು ಒಂದೂಕಾಲು ಗಂಟೆ ಬೇಡ.

ಮತ್ತೆ, ಮೂರು ಯಂತ್ರಗಳ ಬಿಡುವು ಪೂರಾ ಖಾಲಿ. ಎರಡನೆಯದರ ಬಿಡುವಿನ ನಡುವೆ ಮಾತ್ರ ಆರು ಸಾಲು ಇತ್ತು, ಆರೇ ಸಾಲು. ಹಿಂದೆ ಇಲ್ಲ, ಮುಂದೆ ಇಲ್ಲ.

ಟೀಚರ್ ಎದ್ದು ಸಂಗಪ್ಪನನ್ನು ಹುಡುಕಿಕೊಂಡು ಹೋದರು.

ಪಾಳಿಯ ಮೇಲ್ವಿಚಾರಕ ಸಂಗಪ್ಪ ಪ್ಯಾಂಟ್ರಿಯಲ್ಲಿ ಚಹಾದ ಯಂತ್ರದ ಮುಂದೆ ನಿಂತಿದ್ದ. ಕಪ್ಪು ತುಂಬಿ ಚೆಲ್ಲುತ್ತಿದ್ದರೂ ಗುಂಡಿಯ ಮೇಲಿಂದ ಬೆರಳು ತೆಗೆದಿರಲಿಲ್ಲ.

“ಸಂಗಪ್ಪನವರೇ, ಬುಧವಾರ ನಿಮ್ಮ ನಾಲ್ಕು ಜನ ಸರದಿಯಲ್ಲಿ ಎಲ್ಲಿಗೆ ಹೋದದ್ದು?”

“ಯಾರೂ ಎಲ್ಲೂ ಹೋಗಿಲ್ರಿ ಟೀಚರ.”

“ಹಾಗಾ. ಒಂದೂಕಾಲು ಗಂಟೆ ಕೂತಲ್ಲೇ ತಪಸ್ಸು ಮಾಡಿದ್ದಾ? ಒಬ್ಬರದ್ದು ಮುಗಿದ ಕೂಡ್ಲೇ ಇನ್ನೊಬ್ಬರು?”

ಸಂಗಪ್ಪ ಬಾಗಿಲಿನ ಕಡೆ ನೋಡಿದ. ಟೀಚರ್ ಹೋಗಿ ಬಾಗಿಲು ಹಾಕಿ, ಅದಕ್ಕೇ ಒರಗಿ ನಿಂತರು. ನಿಂತದ್ದು ಐದಡಿಯ ದೇಹ. ಆದರೂ ದಾಟಿ ಹೋಗುವುದು ಸುಲಭವಿರಲಿಲ್ಲ.

“ಹಬ್ಬ ಇತ್ತಲ್ಲರೀ,” ಎಂದ ಕೊನೆಗೆ, ಚಹಾಕ್ಕೆ ಹೇಳುವಂತೆ. “ಮಂಗಳವಾರ ನರಕ ಚತುರ್ದಶಿ. ಆವತ್ತ ಮುಂಜಾನಿಂದ ಸಂಜಿ ತನಕಾ ರಿಹರ್ಸಲ್ ಇಟ್ಟಿದ್ರು ಅಮೆರಿಕಾದವರು. ಪಾಪ, ಯಾರ ಮೈಗೂ ಎಣ್ಣಿ ಹತ್ತಿಲ್ಲ. ಬುಧವಾರ ಆದ್ರೂ ನೀರ ಎರಕೊಂಡು ಬರ್ಲಿ ಅಂತ... ಒಬ್ಬೊಬ್ಬರನ್ನ ಮನಿಗೆ ಬಿಟ್ಟೆ. ಎಣ್ಣಿ ಹಚ್ಕೊಂಡು, ನೀರ ಹಾಕ್ಕೊಂಡು, ಒಂದೆರಡು ಅವಲಕ್ಕಿ ಬಾಯಾಗ ಹಾಕ್ಕೊಂಡು ಬರ್ರಿ ಅಂದೆ.”

ಗಲ್ಫಿನಲ್ಲಿ ನರಕಾಸುರ ಕೂಡ ಡ್ಯೂಟಿ ರೋಸ್ಟರ್ ನೋಡಿಕೊಂಡೇ ಸಾಯಬೇಕು. ಟೀಚರಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಹೋಗುವಾಗ ಯಂತ್ರ ಬಂದ್ ಮಾಡ್ಲಿಲ್ವಾ?”

“ಲಾಗೌಟ್ ಮಾಡಿದ್ರ ಅಲ್ಲಿ ಅಮೆರಿಕಾದಾಗ ಕೆಂಪ ದೀಪ ಹತ್ತತೈತ್ರಿ. ಯಾಕ ಎದ್ದರು, ಎಲ್ಲಿ ಹೋದರು ಅಂತ ನೂರಾ ಎಂಟು ಕೇಳ್ತಾರ. ಅದಕ್ಕ ಹಂಗ ಬಿಟ್ಟು ಹೋಗ್ರಿ ಅಂದೆ.”

“ಒಂದೇ ಅಂಕಿಯನ್ನು ಇಬ್ಬರು ಬೇರೆ ಬೇರೆ ಹೊಡೆದು, ತಾಳೆಯಾದ್ರೆ ಮಾತ್ರ ಕಳಿಸುದು ಅಂತ ನಿಮ್ಮ ನಿಯಮ ಉಂಟಲ್ಲ?”

“ಮೂರs ಮಂದಿ ಇದ್ರು. ಇಬ್ಬಿಬ್ಬರು ಎಲ್ಲಿಂದ ತರ್ಲಿ? ಅದನ್ನೂ ತಗದಿದ್ದೆ. ಆವತ್ತೊಂದು ದಿನ.”

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಬುಧವಾರ ಬೆಳಗ್ಗೆ ಶರ್ಮಿಳಾಳ ಖಾಲಿ ಕುರ್ಚಿಯಲ್ಲಿ, ತೆರೆದಿಟ್ಟ ಅವಳ ಹೆಸರಿನಲ್ಲಿ, ಯಾರು ಬೇಕಾದರೂ ಕೂತು ಒಂದೇ ಕೈಯಲ್ಲಿ ಒಂದು ರಾಜ್ಯದ ಗವರ್ನರನ್ನು ಆರಿಸಬಹುದಿತ್ತು. ಆರಿಸಿದ್ದರು.

“ಅಂದ್ರೆ ಆ ಅಂಕಿ ಹೋದಾಗ ಅವಳು ಈ ಕಟ್ಟಡದಲ್ಲೇ ಇರ್ಲಿಲ್ಲ,” ಟೀಚರ ಧ್ವನಿ ಸಣ್ಣಗಾಯಿತು. ಅದು ಏರುವುದಕ್ಕಿಂತ ಕೆಟ್ಟ ಲಕ್ಷಣ. “ನಿಮಗೆ ಅದು ಗೊತ್ತಿತ್ತು. ನಿನ್ನೆ ಮಧ್ಯಾಹ್ನದಿಂದ ಒಂದು ಹೆಣ್ಣನ್ನು ಕೂರಿಸಿ ಕಳ್ಳಿ, ದ್ರೋಹಿ ಅಂತ ಕೇಳ್ತಾ ಇದ್ದಾರೆ. ಇಂಟರ್ನೆಟ್ಟಿನಲ್ಲಿ ಅವಳ ಫೋಟೊ ಬಂದಿದೆ. ನೀವು ಬಾಯಲ್ಲಿ ಎಂತ ಕಡುಬು ಇಟ್ಟುಕೊಂಡಿದ್ರಿ ಸಂಗಪ್ಪನವರೇ?”

“ಹೇಳಿದ್ರ ನನ್ನ ವೀಸಾ ಖಲಾಸ್ ರೀ. ಹತ್ತೊಂಬತ್ತ ವರ್ಷ ಆತು ಇಲ್ಲಿಗೆ ಬಂದು. ನಮ್ಮನಿಯಾಕಿ ತಾರಾಬಾಯಿಗೆ ವಾರಕ್ಕ ಮೂರು ಡಯಾಲಿಸಿಸ್. ಇನ್ಸೂರೆನ್ಸ್ ಕಂಪನೀದು.” ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಶರ್ಮಿಳಾನೂ ಹೇಳ್ಲಿಲ್ಲ ನೋಡ್ರಿ. ಒಂದ ಮಾತು, ‘ಸಂಗಪ್ಪ ಸರ್ ಮನಿಗೆ ಕಳಿಸಿದ್ರು’ ಅಂದಿದ್ರ ಮುಗೀತಿತ್ತು. ಅನ್ನಲಿಲ್ಲ. ಆಕಿ ಅನ್ನಲಾರದ್ದಕ್ಕ ನಾನೂ ಸುಮ್ಮನಾದೆ.”

“ನಿನ್ನೆ ಸಂಜೆ ನನ್ನ ಹತ್ರವೂ ಹಾಗೇ ಹೇಳಿದ್ದು. ‘ಸೀಟು ಬಿಟ್ಟು ಏಳ್ಲೇ ಇಲ್ಲ ಟೀಚರ್’ ಅಂತ. ಯಾಕೆ ಗೊತ್ತುಂಟಾ? ನಿಮ್ಮನ್ನು ಉಳಿಸ್ಲಿಕ್ಕೆ! ಅವಳು ನಿಮ್ಮ ಉಪಕಾರ ನೆನೆಸಿ ಬಾಯಿ ಮುಚ್ಚಿದ್ದು. ನೀವು ಮುಚ್ಚಿದ್ದು ಎಂತ ನೆನೆಸಿ?”

ಸಂಗಪ್ಪನ ಹೆಂಡತಿಯ ಸಂಕಟ ಸುಳ್ಳಲ್ಲ ಎಂಬುದು ಟೀಚರಿಗೆ ಗೊತ್ತಿತ್ತು. ಅದೇ ಅವರ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹೊಯ್ದಿತು. ಈ ಊರಿನಲ್ಲಿ ಪ್ರತಿಯೊಬ್ಬರಿಗೂ ಬಾಯಿ ಮುಚ್ಚಲು ಒಂದೊಂದು ಒಳ್ಳೆಯ ಕಾರಣ ಇರುತ್ತದೆ. ಆ ಕಾರಣಗಳ ಮೇಲೆಯೇ ಏಳನೇ ಮಹಡಿಗಳು ನಿಂತಿರುವುದು.

“ಅವಳ ಕುರ್ಚಿಯಲ್ಲಿ ಕೂತದ್ದು ಯಾರು?”

“ನಾ ಕಂಡಿಲ್ರಿ, ದೇವರಾಣಿ. ಆ ಹೊತ್ತಿಗೆ ನಾ ಅಲ್ಲಿ ಇರ್ಲಿಲ್ಲ. ಉಳದ ಮೂರು ಮಂದಿಗೆ ಅಡ್ಡ ಗ್ವಾಡಿ ಐತಿ, ಅವರಿಗೂ ಕಾಣೂದಿಲ್ಲ. ರಂಜಿತ್ ಸರ್ ಫೋನ್ ಮಾಡಿದ್ರು, ಅರ್ಜೆಂಟ್ ಕೆಳಗ ರಿಸೆಪ್ಶನ್‌ಗೆ ಬಾ ಅಂತ. ಇಳದು ಹೋಗಿ ಕಾಲ ತಾಸು ಕಾದೆ.”

“ಎಂತಕ್ಕೆ ಕರೆದದ್ದು?”

“ಗೊತ್ತಿಲ್ರಿ.” ಸಂಗಪ್ಪ ಮೊದಲ ಸಲ ಟೀಚರ ಮುಖ ನೋಡಿದ. “ಅವರು ಅಲ್ಲಿ ಬರಲೇ ಇಲ್ಲ.”

ಪ್ಯಾಂಟ್ರಿಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಲೋಲಾಕ್ಷಿ ಟೀಚರ್ ಚೀಲದಿಂದ ಟ್ಯೂಶನ್ ನೋಟ್‌ಬುಕ್ ತೆಗೆದು, ನಡುವಿನ ಹಾಳೆ ಹರಿದು, ಪೆನ್ನಿನ ಮುಚ್ಚಳ ತೆರೆದು ಮುಂದಿಟ್ಟರು.

“ಬರೀರಿ. ಕನ್ನಡದಲ್ಲೇ ಬರೀರಿ, ಸುಳ್ಳು ಬರೆಯುವಾಗ ಕೈ ತಡೀತದೆ. ಎಷ್ಟು ಗಂಟೆಗೆ ಬಿಟ್ಟದ್ದು, ಎಷ್ಟಕ್ಕೆ ವಾಪಸು ಬಂದದ್ದು, ಯಾರು ಫೋನ್ ಮಾಡಿದ್ದು, ಎಲ್ಲ.”

“ನನ್ನ ಕೆಲಸ...”

“ನಿಮ್ಮ ಕೆಲಸಕ್ಕೆ ನಾನು ಜಗಳ ಮಾಡ್ತೇನೆ. ಅವಳು ಜೈಲಿಗೆ ಹೋಗದ ಹಾಗೆ ನೀವು ಸಾಕ್ಷಿ ಹೇಳಿ. ಸರೀ ಅಲ್ವಾ ಲೆಕ್ಕ?”

ಸಂಗಪ್ಪ ಕೂತು, ಚೆಲ್ಲಿದ ಚಹಾವನ್ನು ತೋಳಿನಿಂದ ಒರೆಸಿ, ಬರೆಯತೊಡಗಿದ. ಸಹಿ ಹಾಕಿದ ಮೇಲೆ ಅವನ ಮುಖ ಜ್ವರ ಬಿಟ್ಟವನ ಮುಖದಂತಿತ್ತು. “ನಾನೂ ಬರ್ತೀನ್ರಿ ಒಳಗ,” ಎಂದ. “ಕಾಗದ ಒಂದs ಹೋದ್ರ ಹರದು ಹಾಕ್ತಾರ.”

ಎರಡಕ್ಕೆ ಐದು ನಿಮಿಷವಿರುವಾಗ ಇಬ್ಬರೂ ಮೀಟಿಂಗ್ ರೂಮಿನ ಬಾಗಿಲು ತಳ್ಳಿದರು.

ಶರ್ಮಿಳಾ ಮೇಜಿನ ಆ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ ತಿಲಕ್; ರಾಸ್ ಅಲ್ ಖೋರ್‌ನ ಗ್ಯಾರೇಜಿನಿಂದ ಅರ್ಧ ದಿನ ರಜೆ ಹಾಕಿ ನೇರ ಬಂದವನು, ಉಗುರಿನ ಸಂದಿಯ ಗ್ರೀಸ್ ಕಾಣದಂತೆ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ರಂಜಿತ್‌ನ ಮುಂದೆ ಇಂಗ್ಲಿಷ್ ಕಾಗದ, ಅದರ ಮೇಲೆ ಒಂದು ಪೆನ್ನು, ಪೆನ್ನಿನ ಪಕ್ಕ ಒಂದು ಪಾಸ್‌ಪೋರ್ಟ್. ಮಗುವಿಗೆ ಔಷಧಿ ಕುಡಿಸುವಾಗ ಪಕ್ಕದಲ್ಲಿ ಸಕ್ಕರೆ ಇಟ್ಟ ಹಾಗೆ.

“ಮುಟ್ಟಬೇಡ ಅದನ್ನು,” ಎಂದರು ಟೀಚರ್. ಕೂರಲಿಲ್ಲ. ನಿಂತೇ ಸಂಗಪ್ಪನ ಹೇಳಿಕೆಯನ್ನು ಮೊದಲಿನಿಂದ ಕೊನೆವರೆಗೆ ಓದಿದರು. ನಲವತ್ತು ಮಕ್ಕಳ ತರಗತಿಯ ಕೊನೆಯ ಬೆಂಚಿಗೂ ಕೇಳುವ ಧ್ವನಿ ಅದು. ಗಾಜಿನಾಚೆ ಟೈಪು ಮಾಡುತ್ತಿದ್ದವರು ಕೈ ನಿಲ್ಲಿಸಿದರು.

“...‘ಶರ್ಮಿಳಾ ಅವರನ್ನು ಎಣ್ಣೆಸ್ನಾನದ ಸಲುವಾಗಿ ಏಳೂವರೆಗೆ ಮಿರ್ದಿಫ್‌ನ ಅವರ ಮನೆಗೆ ನಾನೇ ಕಳಿಸಿದ್ದೆ. ಎಂಟೂಮುಕ್ಕಾಲಿಗೆ ವಾಪಸು ಬಂದರು.’ ಆರು ಅಂಕಿ ಹೋದದ್ದು ಏಳು ಐವತ್ತೆರಡಕ್ಕೆ. ಈಗ ಹೇಳು ರಂಜಿತಾ. ಸಂಗಪ್ಪನವರನ್ನು ಕೆಳಗೆ ಕರೆದು ನೀನು ಹೋದದ್ದು ಎಲ್ಲಿಗೆ?”

ವಿಚಿತ್ರವೆಂದರೆ, ರಂಜಿತ್ ಗಾಬರಿಯಾಗಲಿಲ್ಲ. ಟೀಚರ ಕಡೆಗಾಗಲಿ, ಸಂಗಪ್ಪನ ಕಡೆಗಾಗಲಿ ತಿರುಗದೆ ಶರ್ಮಿಳಾಳನ್ನೇ ನೋಡುತ್ತಿದ್ದ, ಬಸ್ಸು ಬರುವುದು ಖಚಿತ ಎಂದು ಗೊತ್ತಿದ್ದವನು ರಸ್ತೆ ನೋಡುವ ಹಾಗೆ.

ಮಾತಾಡಿದ್ದು ತಿಲಕ್.

“ಯಾವ ಎಣ್ಣೆಸ್ನಾನ ಟೀಚರ್?”

“ಬುಧವಾರದ್ದು. ಬೆಳಗ್ಗೆ ಮನೆಗೆ ಬಂದಿದ್ಲಲ್ಲ.”

“ಇಲ್ಲ.” ಅವನು ಹೆಂಡತಿಯ ಕಡೆ ತಿರುಗಿದ. “ನಾನು ಎಣ್ಣೆ ಬಿಸಿ ಮಾಡಿಟ್ಟು, ಗೀಸರ್ ಹಾಕಿ ಕಾದಿದ್ದೆ, ಒಂಬತ್ತರ ತನಕ. ಆಮೇಲೆ ಕೆಲಸಕ್ಕೆ ಹೋದೆ. ಎಂಟು ಗಂಟೆಗೆ ಫೋನ್ ಮಾಡಿದಾಗ ‘ಏಳ್ಲಿಕ್ಕೇ ಬಿಡುದಿಲ್ಲ, ಸೀಟಲ್ಲೇ ಇದ್ದೇನೆ’ ಅಂತ ಹೇಳಿದ್ದಿಯಲ್ಲ ನೀನು?”

“ಹೌದು,” ಎಂದಳು ಶರ್ಮಿಳಾ. “ಸೀಟಲ್ಲೇ ಇದ್ದೆ. ಸಂಗಪ್ಪ ಸರ್‌ಗೆ ತಪ್ಪು ನೆನಪು.”

“ಇಲ್ಲವಾ ಯವ್ವಾ!” ಸಂಗಪ್ಪ ಮುಂದೆ ಬಂದ. “ನೀ ಬ್ಯಾಗ ತಗೊಂಡು ಲಿಫ್ಟ್ ಹತ್ತಿದ್ದು ನಾನs ನೋಡೀನಿ. ನನ್ನ ಸಲುವಾಗಿ ಸುಳ್ಳ ಹೇಳಬ್ಯಾಡ. ನಾ ಬರದು ಕೊಟ್ಟೀನಿ, ನನಗ ಏನೂ ಆಗೂದಿಲ್ಲ.”

“ನಿಮ್ಮ ಸಲುವಾಗಿ ಅಲ್ಲ ಸರ್.”

ಅವಳು ಪೆನ್ನು ಎತ್ತಿಕೊಂಡಳು. ಟೀಚರ್ ಮೇಜು ಸುತ್ತಿ ಬಂದು ಅವಳ ಮಣಿಕಟ್ಟು ಹಿಡಿದರು.

“ಮಗಾ, ಇದು ಟಿಕೆಟ್ ಅಲ್ಲ. ಜೈಲು.”

“ಗೊತ್ತುಂಟು ಟೀಚರ್.”

“ನೀನು ಅಲ್ಲಿ ಇರ್ಲಿಲ್ಲ ಅಂತ ಇಲ್ಲಿ ಬರಹದಲ್ಲಿ ಉಂಟು. ಎಲ್ಲಿದ್ದೆ ಅಂತ ಒಂದು ಮಾತು ಹೇಳು, ಸಾಕು. ನಾನು ನಿನ್ನನ್ನು ಈಗಲೇ ಮನೆಗೆ ಕರ್ಕೊಂಡು ಹೋಗ್ತೇನೆ.”

ಶರ್ಮಿಳಾ ಎಲ್ಲ ಗೊತ್ತಿದ್ದವನಂತೆ ಕೂತಿದ್ದ ರಂಜಿತ್‌ನನ್ನು ಒಮ್ಮೆ, ಆಮೇಲೆ ಗಂಡನ ಮುಖವನ್ನು ನೋಡಿದಳು. ಟೀಚರ ಬೆರಳುಗಳನ್ನು ಒಂದೊಂದಾಗಿ, ಮೆಲ್ಲಗೆ, ತನ್ನ ಕೈಯಿಂದ ಬಿಡಿಸಿದಳು. ಕಾಗದದ ಕೊನೆಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

“ಆ ಒಂದೂಕಾಲು ಗಂಟೆಯನ್ನು ಹುಡುಕ್ಬೇಡಿ ಟೀಚರ್,” ಎಂದಳು. “ಅದು ಹೊರಗೆ ಬರುದಕ್ಕಿಂತ ನನಗೆ ಜೈಲೇ ವಾಸಿ.”